ಅರ್ಧ ಇಂಚು ಬಿಗಿ

ನಮ್ಮೂರಿನಲ್ಲಿ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಮಲಗುತ್ತಾರೆ. ಮಲಗದೆ ಇರಲು ಆಗುವುದಿಲ್ಲ. ಒಂದು ಗಂಟೆಯಾಯಿತೆಂದರೆ ಅಂಗಡಿಗಳ ಶಟರ್ ಅರ್ಧಕ್ಕೆ ಇಳಿಯುತ್ತದೆ, ಬಸ್ಸಿನ ಡ್ರೈವರ್ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಡುತ್ತಾನೆ, ಪರವೂರಿನಿಂದ ಬಂದವರು ಕೂಡ ಆಕಳಿಸುತ್ತಾ ಕಟ್ಟೆ ಹುಡುಕುತ್ತಾರೆ. ಮೂರು ಗಂಟೆಗೆ ಊರು ಎದ್ದು ಕೂರುತ್ತದೆ. ನಡುವಿನ ಎರಡು ತಾಸಿನ ಕನಸಿನಲ್ಲಿ ಗಂಟಿನವನು ಬರುತ್ತಾನೆ. ಹೆಗಲ ಮೇಲೆ ದೊಡ್ಡ ಗಂಟು, ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ. "ಹಳೇದು ಕೊಡ್ರೀ, ಭಾಂಡೆ ತೊಗೋರೀ" ಎಂದು ಕೂಗುತ್ತಾನೆ. ಎಚ್ಚರದಲ್ಲಿ ಬರುವ ಪಾತ್ರೆ ವ್ಯಾಪಾರಿಗಳೂ ಹಾಗೇ ಕೂಗುತ್ತಾರೆ, ಹಾಗೇ ಕಾಣುತ್ತಾರೆ. ಅವರು ಹಳೇ ಸೀರೆ, ಪ್ಯಾಂಟು ಒಯ್ಯುತ್ತಾರೆ. ಇವನು ಬೇರೆ ಏನನ್ನೋ ಒಯ್ಯುತ್ತಾನೆ. ಕನಸೆಂದು ತಿಳಿಯದೆ ನೀವು ಹೂಂ ಅಂದಿರೋ, ಮುಗಿಯಿತು. ಎದ್ದಾಗ ಆ ವಸ್ತು ನಿಮ್ಮ ಬಳಿ ಇರುವುದಿಲ್ಲ. ಅವನು ಕೊಟ್ಟ ಪಾತ್ರೆಯೂ ಇರುವುದಿಲ್ಲ.

ಹೋಟೆಲ್ ಬಸಲಿಂಗಪ್ಪ ಹೀಗೇ ಒಂದು ತಾಟಿಗೆ ಉಪ್ಪಿನ ರುಚಿಯನ್ನು ಕೊಟ್ಟುಬಿಟ್ಟ. ಈಗ ಅವನ ಹೆಂಡತಿ ಪ್ರತಿ ಪಾತ್ರೆಗೂ ಚಮಚ ಅದ್ದಿ, ನೆಕ್ಕಿ, ತಲೆಯಾಡಿಸಿದ ಮೇಲೇ ಹೋಟೆಲಿನ ಬಾಗಿಲು ತೆರೆಯುವುದು. ಹಣಮಂತ ಮಾಸ್ತರರು ಏಳು ಎಂಬ ಅಂಕೆಯನ್ನೇ ಕೊಟ್ಟರು. ಅವರ ಕ್ಲಾಸಿನಲ್ಲಿ ಆರಾದ ಮೇಲೆ ಎಂಟು. ಮಕ್ಕಳು ಮನೆಗೆ ಬಂದು ಸರಿಯಾದದ್ದನ್ನು ಕಲಿಯುತ್ತಾರೆ. ಯಾರೂ ಇದನ್ನು ದೊಡ್ಡದು ಮಾಡುವುದಿಲ್ಲ. ಮದುವೆ ಮಾತುಕತೆಯಲ್ಲಿ ಮಾತ್ರ, "ಹುಡುಗಂದು ಏನರೆ ಹೋಗೇತೇನ್ರಿ?" ಎಂದು ಕೇಳುವ ಪದ್ಧತಿ ಇದೆ.

ಕನಸನ್ನು ಪತ್ತೆ ಮಾಡುವ ಗುರುತುಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಿದ್ದಾರೆ. ಕೈಬೆರಳು ಎಣಿಸಿ, ಹತ್ತು ಬರದಿದ್ದರೆ ಕನಸು. ಬೋರ್ಡನ್ನು ಎರಡು ಸಲ ಓದಿ, ಅಕ್ಷರ ಬದಲಾದರೆ ಅದು ಕನಸು. ಮೂಗು ಹಿಡಿದುಕೊಂಡು ಉಸಿರಾಡಿ ನೋಡಿ, ಆಡಿದರೆ ಕನಸು. ಬರೆಸಿದ್ದೇ ತಪ್ಪಾಯಿತು. ನಮ್ಮೂರಿನಲ್ಲಿ ಬಾಯಿಬಿಟ್ಟು ಹೇಳಿದ್ದು, ಗೋಡೆಗೆ ಬರೆದದ್ದು ಎಲ್ಲ ಗಂಟಿನವನಿಗೆ ಗೊತ್ತಾಗುತ್ತದೆ. ಈಗ ಅವನ ಕನಸಿನಲ್ಲಿ ಬೆರಳು ಹತ್ತೇ ಇರುತ್ತವೆ, ದವಾಖಾನೆಯ ಬೋರ್ಡನ್ನು ಎಷ್ಟು ಸಲ ಓದಿದರೂ ಅದು ದವಾಖಾನೆಯೇ. ಆದರೂ ಎಣಿಸುವ ಚಟ ಊರಿಗೆ ಅಂಟಿಕೊಂಡಿತು. ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳುವ ಮೊದಲು ಬೆರಳು ಎಣಿಸುವವರು ನಾವು. ಏಳನ್ನು ಕಳಕೊಂಡ ಮಾಸ್ತರರು ಎಣಿಸಿದರೆ ಪ್ರತಿ ಸಲವೂ ಹನ್ನೊಂದು ಬರುತ್ತಿತ್ತು. ಹಾಗಾಗಿ ತಾವು ಸದಾ ಕನಸಿನಲ್ಲೇ ಇದ್ದೇವೆಂದು ನಂಬಿ ಅವರು ಯಾರಿಗೂ ಹೆದರದೆ ಓಡಾಡಿಕೊಂಡಿದ್ದರು. ತಪಾಸಣೆಗೆ ಬಂದ ಸಾಹೇಬರಿಗೆ, "ನೀವು ಹೆಂಗೂ ಖರೇ ಅಲ್ಲ, ಸುಮ್ನ ಕುಂದರ್ರಿ" ಅಂದಿದ್ದರಂತೆ.

ಕೊಟ್ಟದ್ದನ್ನು ಮರಳಿ ಪಡೆಯಲು ಒಂದೇ ದಾರಿ. ಕನಸಿನೊಳಗಿರುವಾಗಲೇ ಇದು ಕನಸು ಎಂದು ತಿಳಿದು, ಅದನ್ನು ಗಂಟಿನವನ ಮುಖಕ್ಕೆ ಹೇಳಿ ಕೇಳಬೇಕು. ಆಗ ಅವನು ಕೊಡಲೇಬೇಕು. ಅದೂ ನಲವತ್ತೆಂಟು ದಿನದೊಳಗೆ. ಆಮೇಲೆ ಅವನು ಅದನ್ನು ಗಂಟಿನ ತಳಕ್ಕೆ ಹೊಲಿದುಬಿಡುತ್ತಾನೆ. ನನಗಿಂತ ಮುಂಚೆ ಒಬ್ಬರೂ ಪಡೆದಿರಲಿಲ್ಲ. ಈ ಮಾತನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ನಾನು ಅನಸೂಯಾ, ಊರ ಹೆಂಗಸರ ಕುಪ್ಪಸ ಹೊಲಿಯುವವಳು. ಅಂಗಡಿಯಲ್ಲಿ ಎರಡು ಮಷೀನು. ಒಂದರಲ್ಲಿ ನನ್ನ ಗಂಡ ಪಾಂಡುರಂಗ ಪ್ಯಾಂಟು ಹೊಲಿಯುತ್ತಾರೆ, ಇನ್ನೊಂದು ನನ್ನದು. ನಡುವೆ ಕಟ್ಟೆಯ ಮೇಲೆ ನಮ್ಮ ಅತ್ತೆ ತುಳಸಾಬಾಯಿ. ಅವರಿಗೆ ಮಷೀನಿನ ಅಗತ್ಯವಿರಲಿಲ್ಲ, ಬಾಯಿಯೇ ಸಾಕಿತ್ತು. ಅದು ಮೂರು ಓಣಿಗೆ ಕೇಳಿಸುತ್ತಿತ್ತು. ಹಾಲಿನವನು ಅವರ ದನಿಗೆ ಹೆದರಿ ನಮ್ಮ ಓಣಿಗೆ ಮಾತ್ರ ನೀರು ಬೆರೆಸದ ಹಾಲು ತರುತ್ತಿದ್ದ. ಮೂರು ಗಂಟೆಗೆ ಅವರು ಒಮ್ಮೆ ಕೆಮ್ಮಿ, "ಏನ್ ನಿದ್ದಿನೋ ಇವರ್ದು!" ಎಂದರೆ ಅರ್ಧ ಊರು ಏಳುತ್ತಿತ್ತು.

ಪ್ರತಿ ವರ್ಷ ನಾಗರ ಪಂಚಮಿಗೆ ನಾನು ಅವರಿಗೊಂದು ಖಣದ ಕುಪ್ಪಸ ಹೊಲಿಯಬೇಕು. ಹತ್ತೊಂಬತ್ತು ಪಂಚಮಿ, ಹತ್ತೊಂಬತ್ತು ಕುಪ್ಪಸ. ಪ್ರತಿ ಸಲವೂ ಹಾಕಿಕೊಂಡು, ತೋಳೆತ್ತಿ ಇಳಿಸಿ, "ಬಗಲಾಗ ಬಿಗಿ" ಅನ್ನುತ್ತಿದ್ದರು. ಬಿಗಿ ಇರುತ್ತಿರಲಿಲ್ಲ. ಯಾರೇ ಕುಪ್ಪಸ ಹಾಕಿಕೊಂಡು ನಿಂತರೂ ಕಂಕುಳ ಹೊಲಿಗೆಯೊಳಗೆ ತೋರುಬೆರಳು ತೂರಿಸಿ ನೋಡುವುದು ನನ್ನ ಅಭ್ಯಾಸ. ಬೆರಳು ಸಲೀಸಾಗಿ ಹೋದರೆ ಹೊಲಿಗೆ ಸರಿ. ಅತ್ತೆಯದರಲ್ಲಿ ಸಲೀಸಾಗಿಯೇ ಹೋಗುತ್ತಿತ್ತು. ಹೋಗುತ್ತದಲ್ಲಾ ಎಂದರೆ, "ನಿನ್ನ ಬೆರಳಿಗೇನಾಗೇತಿ, ಉಸರು ಕಟ್ಟೋದು ನನಗ" ಅನ್ನುತ್ತಿದ್ದರು. ಛಲೋ ಆಗಿದೆ ಎಂಬ ಒಂದು ಮಾತಿಗೆ ನಾನು ಹತ್ತೊಂಬತ್ತು ವರ್ಷ ಕಾದಿದ್ದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ದಿನ ಬೆಳಗ್ಗೆ ಮದುಮಗಳೊಬ್ಬಳ ಕುಪ್ಪಸ ಕೊಡುವಾಗ ನಾಲ್ಕು ಮಂದಿ ಗಿರಾಕಿಗಳ ಮುಂದೆ ಅತ್ತೆ, "ಇಕಿ ಕೈಯಾಗ ಕತ್ತರಿ ಕೊಟ್ಟವರು ಯಾರವಾ? ಕಾಯಿಪಲ್ಲೆ ಹೆಚ್ಚಾಕ ಹಚ್ಚಬೇಕಿತ್ತು" ಅಂದರು. ಎಲ್ಲರೂ ನಕ್ಕರು. ನನ್ನ ಕಣ್ಣು ತುಂಬಿತು. ಉಂಡು ಮಲಗಿದೆ. ಸ್ವಲ್ಪ ಹೊತ್ತಿಗೆ ಮಷೀನಿನ ಮುಂದೆ ಕೂತಿದ್ದೆ. ಅದೇ ಬೆಳಕು, ಅದೇ ದಾರದ ಉಂಡೆ. ಬಾಗಿಲಲ್ಲಿ ಪಾತ್ರೆಯವನು ಬುಟ್ಟಿ ಇಳಿಸಿ, "ಏನರೆ ಹಳೇದು ಐತೇನ್ರೀ ಅಕ್ಕಾರ? ಬ್ಯಾಡಾಗಿದ್ದು?" ಎಂದ. ಅವನ ಕೈಯಲ್ಲಿ ಮುಚ್ಚಳವಿದ್ದ ಸ್ಟೀಲ್ ಡಬ್ಬಿ ಫಳಫಳ ಹೊಳೆಯುತ್ತಿತ್ತು. "ನಮ್ಮ ಅತ್ತಿ ಬಾಯಿ ಐತಿ ನೋಡಪಾ. ಭಾಳ ಹಳೇದು. ಒಯ್ಯಿ" ಎಂದು ನಾನು ನಕ್ಕೆ. ಅವನು ನಗಲಿಲ್ಲ. ಡಬ್ಬಿಯನ್ನು ಮೂಲೆಯಲ್ಲಿಟ್ಟು, ಗಂಟು ಬಿಗಿದು ಹೊರಟುಹೋದ.

ಮೂರು ಗಂಟೆ ಕಳೆದರೂ ಊರು ಏಳಲಿಲ್ಲ. ನಾನು ಕಣ್ಣುಬಿಟ್ಟಾಗ ಅತ್ತೆ ಕಟ್ಟೆಯ ಮೇಲೆ ಕೂತು ಗಂಟಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಉಸಿರು ಕೂಡ ಸಪ್ಪಳ ಮಾಡುತ್ತಿರಲಿಲ್ಲ. ಮನೆಯಲ್ಲಿ ಯಾರದನ್ನು ಯಾರು ಕೊಟ್ಟರೂ ಗಂಟಿನವನಿಗೆ ನಡೆಯುತ್ತದೆ. ಅದು ನನಗೆ ಗೊತ್ತಿತ್ತು. ಮೂಲೆಗೆ ಹೋಗಿ ನೋಡಿದೆ. ಡಬ್ಬಿ ಇರಲಿಲ್ಲ.

"ಪಾಪ, ಅವ್ವ ಏನ್ ಆಸೆ ಬಿದ್ದು ಕೊಟ್ಲೋ ಏನೋ" ಎಂದರು ಇವರು. ನಾನು ಬಾಯಿ ಬಿಡಲಿಲ್ಲ. ಮೊದಲ ವಾರ ಎಲ್ಲರೂ ಎಂದಿನಂತೆ ಹೊಂದಿಕೊಂಡರು. ಮೂರು ಗಂಟೆಗೆ ಊರನ್ನು ಎಬ್ಬಿಸಲು ಪಂಚಾಯ್ತಿಯವರು ಒಂದು ತಗಡು ಬಾರಿಸತೊಡಗಿದರು. ಹಾಲು ತೆಳ್ಳಗಾಯಿತು. ಇವರು ಒಬ್ಬರ ಪ್ಯಾಂಟಿಗೆ ಎರಡು ಎಡಗಾಲು ಹೊಲಿದರು, ತಡೆದು ಹೇಳುವ ಬಾಯಿಯಿರಲಿಲ್ಲ. ಅತ್ತೆಗೆ ಪಕ್ಕದ ಮನೆಯವರು ಒಂದು ಪಾಟಿ ಬಳಪ ತಂದುಕೊಟ್ಟರು. ಹಾಲಿನವನು ಬಂದಾಗ ಅವರು ಅದರ ಮೇಲೆ ಏನೋ ಬರೆದು ಅವನ ಮುಖದ ಮುಂದೆ ಹಿಡಿದರು. ಅವನು ನಿಧಾನಕ್ಕೆ ಓದಿ, "ಆತು ಬಿಡ್ರೀ ಆಯಿ" ಎಂದು ಹೋದ. ಬೈಗುಳವನ್ನು ಓದಿ ಮುಗಿಸುವ ತನಕ ಕಾದು ನಿಂತರೆ ಅದು ಬೈಗುಳವಾಗುತ್ತದೆಯೇ? ಅತ್ತೆ ಪಾಟಿಯನ್ನು ಸೆರಗಿನಿಂದ ಒರೆಸಿ ಮತ್ತೆ ಮುಟ್ಟಲಿಲ್ಲ. ಇಪ್ಪತ್ತನೆಯ ದಿನದಿಂದ ಅವರು ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದರು. ರೊಟ್ಟಿ ಒಂದಕ್ಕೆ ಇಳಿಯಿತು, ಆಮೇಲೆ ಅರ್ಧಕ್ಕೆ. ನಾನು ಅವರ ಬಾಯಿ ಮುಚ್ಚಿಸಿದ್ದೇನೆ ಅಂದುಕೊಂಡಿದ್ದೆ, ಅವರ ಜೀವಕ್ಕೇ ಕೈ ಹಾಕಿದ್ದೆ.

ಮರಳಿ ತರಲೇಬೇಕೆಂದು ಹಟ ಹಿಡಿದೆ. ಸೆರಗಿನ ಚುಂಗಿಗೆ ಕೆಂಪು ದಾರದ ಮೂರು ಗಂಟು ಹಾಕಿ, ಮೂರಿಲ್ಲದಿದ್ದರೆ ಕನಸು ಅಂದುಕೊಂಡೆ. ಕನಸಿನಲ್ಲೂ ಮೂರೇ ಇದ್ದವು. ಸೂಜಿ ಚುಚ್ಚಿಕೊಂಡೆ. ಅಲ್ಲೂ ನೋವಾಯಿತು, ರಕ್ತವೂ ಬಂತು. ಅಷ್ಟೆಲ್ಲ ಯಾಕೆ, ಎಲ್ಲಕ್ಕಿಂತ ದೊಡ್ಡ ಗುರುತು ನನ್ನ ಕಣ್ಣೆದುರಿಗೇ ಇತ್ತು. ಅತ್ತೆ ಮಾತಾಡಿದರೆ ಅದು ಕನಸು! ಎಚ್ಚರದಲ್ಲಿ ಅವರು ಮೂಕಿ, ಕನಸಿನಲ್ಲಿ ದಿನಾ ಮಾತಾಡುತ್ತಿದ್ದರು. ಮಲಗುವ ಮುನ್ನ ನೂರು ಸಲ ಹೇಳಿಕೊಳ್ಳುತ್ತಿದ್ದೆ, ಮಾತಾಡಿದರೆ ಕನಸು, ಮಾತಾಡಿದರೆ ಕನಸು. ಆದರೆ ಅಲ್ಲಿ ಅವರು, "ಅನಸೂ, ಉಂಡೀ ಏನವಾ?" ಎಂದ ಕೂಡಲೇ ಅಯ್ಯೋ ಬಂತಲ್ಲಾ ದನಿ ಎಂದು ಕುಣಿದಾಡುತ್ತಿದ್ದೆ. ಬೇಡಿಕೊಂಡದ್ದು ಸಿಕ್ಕಾಗ ಬೆರಳು ಎಣಿಸಬೇಕೆಂದು ಯಾರಿಗೆ ನೆನಪಾಗುತ್ತದೆ? ಆ ಸಂತೋಷದಲ್ಲಿರುವಾಗಲೇ ತಗಡು ಬಾರಿಸುತ್ತಿದ್ದರು. ಕೆನ್ನೆ ಒದ್ದೆಯಾಗಿರುತ್ತಿತ್ತು, ಅತ್ತೆಯ ಬೆನ್ನು ಅಲ್ಲೇ ಇರುತ್ತಿತ್ತು. ಹೀಗೆ ನಲವತ್ತು ದಿನ ಹೋದವು.

ನಲವತ್ತೊಂದನೆಯ ದಿನ ಬಾಬಿನ್‌ಗೆ ದಾರ ಸುತ್ತುತ್ತಾ ಕೂತಿದ್ದಾಗ ದಾರ ಪಟಕ್ಕನೆ ಹರಿಯಿತು. ದಿನಕ್ಕೆ ಹತ್ತು ಸಲ ಹರಿಯುತ್ತದೆ, ಹತ್ತು ಸಲ ಬೈದುಕೊಳ್ಳುತ್ತೇನೆ. ಅಂದು ಬೈಯಲಿಲ್ಲ. ಕನಸಿನಲ್ಲಿ ದಾರ ಒಮ್ಮೆಯೂ ಹರಿದದ್ದಿಲ್ಲ ಎಂಬುದು ಹೊಳೆಯಿತು. ಅಲ್ಲಿ ಸೂಜಿ ಮುರಿಯುವುದಿಲ್ಲ, ಗಿರಾಕಿ ತಿದ್ದಿಸಲು ಎರಡನೆಯ ಸಲ ಬರುವುದಿಲ್ಲ, ಅತ್ತೆ ಉಂಡೆಯಾ ಎಂದು ಕೇಳುತ್ತಾರೆ. ಗಂಟಿನವನು ನಮಗೆ ಇಷ್ಟವಾದದ್ದನ್ನೆಲ್ಲ ಕೊಡುತ್ತಾನೆ, ಇಷ್ಟವಿಲ್ಲದ್ದನ್ನು ಕೊಡಲು ಅವನಿಗೆ ಬರುವುದೇ ಇಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ತುಟಿ ಕೂಡ ಅಲುಗಿಸಲಿಲ್ಲ. ಸಂತೋಷ ಬಂದಾಗ ನನ್ನ ತಲೆ ಕೆಲಸ ಮಾಡುವುದಿಲ್ಲವೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಕೈಯ ಮೇಲೆ ಮಾತ್ರ ಇನ್ನೂ ಭರವಸೆ ಇತ್ತು.

ನಲವತ್ತೆಂಟನೆಯ ದಿನಕ್ಕೇ ಪಂಚಮಿ ಬಿದ್ದಿತ್ತು. ಕಡುಹಸಿರು ಖಣ ತಂದು ಅತ್ತೆಯ ಕುಪ್ಪಸ ಕತ್ತರಿಸಿದೆ. ಕಂಕುಳ ಹತ್ತಿರ ಬಂದಾಗ, ಕಲಿತ ಮೇಲೆ ಮೊದಲ ಸಲ, ಬೇಕೆಂದೇ ಅರ್ಧ ಇಂಚು ಕಡಿಮೆ ಕತ್ತರಿಸಿದೆ. ಹೊಲಿಯುವಾಗ ಕೈ ಒಲ್ಲೆ ಒಲ್ಲೆ ಅನ್ನುತ್ತಿತ್ತು. ಪಂಚಮಿಯ ದಿನ ಬೆಳಗ್ಗೆ ಅತ್ತೆಯನ್ನು ಗೋಡೆಯಿಂದ ತಿರುಗಿಸಿ, ಎಬ್ಬಿಸಿ, ಹಾಕಿಸಿದೆ. ಅವರು ಅಭ್ಯಾಸದಂತೆ ತೋಳೆತ್ತಿದರು. ತೋಳು ಅರ್ಧಕ್ಕೇ ನಿಂತಿತು. ಮುಖ ಕಿವುಚಿಕೊಂಡು ನನ್ನನ್ನು ನೋಡಿ ಬಾಯಿ ತೆರೆದರು. ಏನೂ ಬರಲಿಲ್ಲ. ಹತ್ತೊಂಬತ್ತು ವರ್ಷ ಸುಳ್ಳೇ ದೂರಿದವರಿಗೆ ಅಂದು ದೂರು ನಿಜವಾಗಿತ್ತು, ಹೇಳಲು ಬಾಯಿಯಿರಲಿಲ್ಲ. ಅವರ ಕಣ್ಣಿಂದ ಒಂದು ಹನಿ ಖಣದ ಮೇಲೆ ಬಿತ್ತು. ನಾನು ಹಲ್ಲು ಕಚ್ಚಿ ಕಂಕುಳ ಹೊಲಿಗೆಗೆ ಬೆರಳು ತೂರಿಸಿದೆ. ಹೋಗಲಿಲ್ಲ. ಮತ್ತೆ ತೂರಿಸಿದೆ. ಹೋಗಲಿಲ್ಲ. ಹತ್ತು ಸಲ ಹಾಗೇ ಮಾಡಿದೆ. ನನಗೆ ಹುಚ್ಚು ಹಿಡಿಯಿತೆಂದು ಇವರು ಮಷೀನು ನಿಲ್ಲಿಸಿ ನೋಡುತ್ತಿದ್ದರು. "ಬಿಗಿ ಐತ್ರಿ ಅತ್ತಿ, ನನಗ ಗೊತ್ತೈತಿ" ಎಂದು ಮನಸ್ಸಿನಲ್ಲೇ ಅಂದು ಅವರ ಕಣ್ಣೊರೆಸಿ, ಎರಡು ಶೇಂಗಾ ಉಂಡಿ ತಿಂದು ಮಲಗಿದೆ.

ಅಲ್ಲೂ ಪಂಚಮಿಯೇ. ಓಣಿಯ ತುಂಬ ಜೋಕಾಲಿ, ಹುಡುಗಿಯರ ಕೇಕೆ. ಅತ್ತೆ ಒಳಗಿನಿಂದ ಹಸಿರು ಕುಪ್ಪಸ ತೊಟ್ಟು ಬಂದು ಎರಡೂ ತೋಳನ್ನು ಮೇಲಕ್ಕೆತ್ತಿ ತಿರುಗಿ ತೋರಿಸಿದರು. "ಅನಸೂ, ಏನ್ ಛಲೋ ಆಗೇತಿ ನೋಡವಾ! ನಿನ್ನಂಥಾ ಹೊಲಿಗಿ ಊರಾಗ ಯಾರ್ದೈತಿ?" ಎಂದರು. ನಾನು ಅತ್ತೇಬಿಟ್ಟೆ. "ಇನ್ನೊಮ್ಮೆ ಅನ್ರಿ ಅತ್ತಿ" ಎಂದೆ. ಇನ್ನೊಮ್ಮೆ ಅಂದರು. ಸುಖವಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಆ ಸುಖದಲ್ಲೇ ಮುಳುಗಿಹೋಗುತ್ತಿದ್ದೆ. ಆದರೆ ಎದುರಿಗೆ ಕುಪ್ಪಸ ಹಾಕಿಕೊಂಡು ನಿಂತವರಿದ್ದಾರೆ. ನನ್ನ ಕೈ ನನ್ನನ್ನು ಕೇಳದೆಯೇ ಎದ್ದು, ತೋರುಬೆರಳು ಅವರ ಕಂಕುಳಿಗೆ ಹೋಯಿತು. ಸಲೀಸಾಗಿ ಒಳಗೆ ಹೋಯಿತು.

ಬೆರಳು ಅಲ್ಲೇ ನಿಂತಿತು. ತಲೆ ಹೇಳಿತು, ಇರಲಿ ಬಿಡು, ಬಟ್ಟೆ ಹಿಗ್ಗಿರಬೇಕು. ಖಣ ಹಿಗ್ಗುವುದಿಲ್ಲ ಎಂದಿತು ಕೈ. ತಲೆ ಹೇಳಿತು, ಹಾಗಾದರೆ ನೀನು ಸರಿಯಾಗಿಯೇ ಕತ್ತರಿಸಿರಬೇಕು. ಈಗ ನನಗೆ ಸಿಟ್ಟು ಬಂತು. ನಾನು ಕತ್ತರಿಸಿದ್ದು ನನಗೆ ಗೊತ್ತಿಲ್ಲವೇ? ಅರ್ಧ ಇಂಚು ಕಡಿಮೆ ಅಂದರೆ ಕಡಿಮೆಯೇ! ಈ ಕುಪ್ಪಸ ನನ್ನದಲ್ಲ. ಕುಪ್ಪಸ ನನ್ನದಲ್ಲವಾದರೆ ಒಳಗಿರುವವರು ನಮ್ಮ ಅತ್ತೆಯಲ್ಲ. ಅತ್ತೆಯಲ್ಲವಾದರೆ...

"ಇದು ಕನಸು" ಎಂದೆ.

ಜೋಕಾಲಿಗಳು ಮೇಲೆ ಹೋದಲ್ಲೇ ನಿಂತವು. ಕೇಕೆ ನಿಂತಿತು. ಇಡೀ ಓಣಿ ನನ್ನ ಅಪ್ಪಣೆಗೆ ಕಾದಂತೆ ಸುಮ್ಮನಾಯಿತು. ಆ ಕ್ಷಣದ ಖುಷಿಯನ್ನು ಹೇಗೆ ಹೇಳಲಿ? ಇಷ್ಟು ವರ್ಷ ಊರಿಗೆ ಊರೇ ಹುಡುಕಿದ ಬಾಗಿಲಿನ ಚಿಲಕ ನನ್ನ ಬೆರಳಿಗೆ ಸಿಕ್ಕಿತ್ತು. ಬಾಗಿಲಲ್ಲಿ ಗಂಟಿನವನು ಬುಟ್ಟಿ ಇಳಿಸುತ್ತಿದ್ದ. ಅವನ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತೆ. "ಇದು ಕನಸು. ನನಗ ಗೊತ್ತಾಗೇತಿ. ನಮ್ಮ ಅತ್ತಿ ಬಾಯಿ ಕೊಡು."

ಅವನ ಮುಖ ಬಿಳಿಚಿತು. ಆದರೂ ವ್ಯಾಪಾರಸ್ಥ, ಸೋಲೊಪ್ಪಲಿಲ್ಲ. ಗಂಟಿನ ಮೇಲೆ ಕೈಯಾಡಿಸುತ್ತಾ, "ಕೊಡ್ತೀನ್ರೀ ಅಕ್ಕಾರ, ಬ್ಯಾಡನ್ನಂಗಿಲ್ಲ. ಒಂದು ಮಾತು ಕೇಳ್ರಿ. ಬೈಗುಳ, ಕೊಂಕು ಅಷ್ಟು ನಾ ಇಟ್ಕೋತೀನಿ. ಬರೇ ಸಿಹಿ ಮಾತು ನೀವು ಒಯ್ರಿ. ಈಗ ಅಂದ್ರಲ್ಲಾ, ಹಂಗ ದಿನಾ ಅಂತಾರ. ಯಾರಿಗೂ ತಿಳಿಯಂಗಿಲ್ಲ" ಎಂದ.

ಸುಳ್ಳು ಯಾಕೆ ಹೇಳಲಿ, ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ನನಗೂ ಆಸೆಯಾಯಿತು. ಆಮೇಲೆ ಗೋಡೆಗೆ ಮುಖ ಮಾಡಿದ ಆ ಬೆನ್ನು ನೆನಪಾಯಿತು. ಸಿಹಿ ಮಾತಷ್ಟೇ ಬಂದರೆ ಆ ಬೆನ್ನು ತಿರುಗುವುದಿಲ್ಲ. ನನ್ನ ಬಾಯಿಂದ ಅತ್ತೆಯ ದನಿಯೇ ಬಂತು ಅನ್ನಿ. "ಏನೋ ಅಂದಿ? ನಾವು ಹೊಲಿಯೋ ಮಂದಿ. ಗಿರಾಕಿ ಅರಿವಿ ಕೊಟ್ರ ಉಳಿದ ತುಂಡು ಸುದ್ದಾ ತಿರುಗಿ ಕೊಡ್ತೀವಿ, ಚಿಂದಿ ಸುದ್ದಾ ಇಟ್ಕೊಳ್ಳಂಗಿಲ್ಲ. ನೀ ಯಾವ ಊರ ದೊರಿ, ನಮ್ಮ ಅತ್ತಿ ಬೈಗುಳ ಇಟ್ಕೊಳ್ಳಾಕ? ಮುಳ್ಳು ಮೊನಿ ಎಲ್ಲಾ ಸೇರಿಸಿ ಇಡು ಇಲ್ಲಿ!" ಮೂಲೆಯಲ್ಲಿ ಆ ಡಬ್ಬಿ ಇನ್ನೂ ಹೊಳೆಯುತ್ತಿತ್ತು. ತಂದು ಅವನ ಎದುರಿಗೆ ಕುಕ್ಕಿದೆ. ಅವನು ಗಂಟು ಬಿಚ್ಚಿ ಒಂದು ಸುರುಳಿಯನ್ನು ಎತ್ತಿ ಕೊಟ್ಟ. ಒರಟಾಗಿತ್ತು, ಬೆಚ್ಚಗಿತ್ತು, ಕೈಯಲ್ಲಿ ಹಿಡಿದಾಗ ಗುರ್ ಎಂದಿತು. ಇದು ನಮ್ಮದೇ.

ಹೊರಡಬಹುದಿತ್ತು. ಅಷ್ಟರಲ್ಲಿ ಬಿಚ್ಚಿದ ಗಂಟಿನ ತಳ ಕಾಣಿಸಿತು. ಊರವರದೆಲ್ಲ ಅಲ್ಲಿ ಹೊಲಿದಿಟ್ಟಿದ್ದ. ಆ ಹೊಲಿಗೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಉದ್ದುದ್ದ ಟಾಕಿ, ಒಂದೇ ಎಳೆ ದಾರ, ಕೊನೆಗೆ ಗಂಟೂ ಇಲ್ಲ. "ಇದಕ್ಕ ಹೆದರಿದ್ವೇನೋ ನಾವು?" ಎಂದೆ. ಕತ್ತರಿ ಬೇಕು ಅಂದುಕೊಂಡೆ, ಕೈಯಲ್ಲಿ ಕತ್ತರಿ ಇತ್ತು. ನನ್ನ ಕನಸಲ್ಲವೇ! ತುದಿ ಹಾಕಿ ಒಂದೇ ಸಮ ಎಳೆದೆ. ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಒಳಗಿನಿಂದ ಉಪ್ಪಿನ ರುಚಿ, ಮಾಸ್ತರರ ಏಳು, ಯಾರದೋ ಸಿಳ್ಳೆ, ಯಾರದೋ ನೆನಪು ಎಲ್ಲ ಹೊರಬಿದ್ದು ತಮ್ಮ ತಮ್ಮ ಮನೆ ಹುಡುಕಿಕೊಂಡು ಓಣಿಯ ತುಂಬ ಹಾರಿಹೋದವು. ಗಂಟಿನವನು ಖಾಲಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಪಾತ್ರೆಗಳ ನಡುವೆ ಕೂತುಬಿಟ್ಟ.

ಎಚ್ಚರವಾದಾಗ ತಗಡು ಇನ್ನೂ ಬಾರಿಸಿರಲಿಲ್ಲ. ಅಂಗಡಿ ಸುಮ್ಮನಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಹಸಿರು ಕುಪ್ಪಸದಲ್ಲೇ ಕೂತಿದ್ದರು. ಎಲ್ಲ ಬರೀ ಕನಸಾಗಿದ್ದರೆ? ಆಗ ಆ ಬೆನ್ನು ಅಲುಗಿತು. ನಿಧಾನಕ್ಕೆ ತಿರುಗಿತು. ಅತ್ತೆ ಒಮ್ಮೆ ಕೆಮ್ಮಿದರು.

"ಅನಸೂ! ಬಗಲಾಗ ಬಿಗಿ ಆಗೇತಲ್ಲೇ! ಕಣ್ಣು ಎಲ್ಲಿ ಇಟ್ಟು ಹೊಲಿದೀ? ಹಬ್ಬದ ದಿನಾ ಉಸರು ಕಟ್ಟಿ ಸಾಯಬೇಕೇನ ನಾ?"

ಮೂರು ಓಣಿಗೆ ಕೇಳಿಸಿತು. ಮಷೀನಿನ ಮೇಲೆ ತಲೆಯಿಟ್ಟು ಮಲಗಿದ್ದ ಇವರು ಜಾರಿ ಕೆಳಗೆ ಬಿದ್ದರು. ಊರು ಎದ್ದಿತು. ಬಸಲಿಂಗಪ್ಪ ತನ್ನ ಹೋಟೆಲಿನ ಸಾರನ್ನೇ ಬಾಯಿಗೆ ಹಾಕಿಕೊಂಡು, ಥೂ ಉಪ್ಪು ಜಾಸ್ತಿ ಎಂದು ಹೆಂಡತಿಯನ್ನು ಅಪ್ಪಿಕೊಂಡು ಅತ್ತನಂತೆ. ಹಣಮಂತ ಮಾಸ್ತರರು ಬೀದಿಗೆ ಓಡಿ ಬಂದು, "ಹತ್ತ! ಬರೇ ಹತ್ತ ಬೆರಳು!" ಎಂದು ಎರಡೂ ಕೈ ಎತ್ತಿ ಕುಣಿದರು. ಮರುಗಳಿಗೆ ಸಾಹೇಬರಿಗೆ ಹೇಳಿದ್ದು ನೆನಪಾಗಿ ಅಲ್ಲೇ ಕುಸಿದು ಕೂತರು.

ನಾನು ಅತ್ತೆಯ ಕಾಲ ಬಳಿ ಕೂತು ಅಳುತ್ತಾ ನಗುತ್ತಾ ಎಲ್ಲ ಹೇಳಿಬಿಟ್ಟೆ. ಕೊಟ್ಟವಳು ನಾನೇ ಎಂದೆ. ಒಂದು ಡಬ್ಬಿಗೆ ಕೊಟ್ಟೆ ಎಂದೆ.

"ಒಂದೇ ಡಬ್ಬಿಗೆ?" ಎಂದರು ಅತ್ತೆ. "ಇಷ್ಟು ದೊಡ್ಡ ಬಾಯಿಗೆ ಬರೇ ಒಂದು ಡಬ್ಬಿ? ಮ್ಯಾಲ ಒಂದು ನೀರಿನ ಕೊಡಾನರೆ ಕೇಳಬಾರದಾಗಿತ್ತೇನ, ದಡ್ಡೀ!" ಆಮೇಲೆ ಅವರ ಒರಟು ಕೈ ನನ್ನ ತಲೆಯ ಮೇಲೆ ಬಂತು, ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಸಂಜೆಯೊಳಗೆ ಕಂಕುಳ ಹೊಲಿಗೆ ಬಿಚ್ಚಿ, ಉಳಿದ ಖಣದಲ್ಲಿ ಅರ್ಧ ಇಂಚಿನ ಪಟ್ಟಿ ಕೊಟ್ಟು ಹೊಲಿದೆ. ಬೆರಳು ಸಲೀಸಾಗಿ ಹೋಯಿತು. ಅತ್ತೆ ತೋಳೆತ್ತಿ ಇಳಿಸಿ, ಮತ್ತೆ ಎತ್ತಿ ಇಳಿಸಿ, ಮುಖ ಸಿಂಡರಿಸಿಕೊಂಡು, "ಈಗ ಸಡಲ ಆತು" ಎಂದರು. ಹೌದು, ನಾನು ಎಚ್ಚರವಾಗಿಯೇ ಇದ್ದೆ.